ಮಾಂಸದಂಗಡಿಯೊಂದರ ಚರಿತ್ರೆ: ಹೆಸರು ಯಾರ ಸೊತ್ತು?

ಮಹಾಭಾರತದ ಅರಣ್ಯಪರ್ವವನ್ನು ಓದಿದವರಿಗೆ ಕೌಶಿಕನೆಂಬ ಬ್ರಾಹ್ಮಣನ ಕಥೆಯು ನೆನಪಿರಬಹುದು. ತಪಸ್ಸಿನ ಗರ್ವದಿಂದ ಕೊಕ್ಕರೆಯೊಂದನ್ನು ದೃಷ್ಟಿಮಾತ್ರದಿಂದ ಕೊಂದ ಆ ತಪಸ್ವಿಗೆ ಗೃಹಿಣಿಯೊಬ್ಬಳು, ಧರ್ಮವೆಂದರೇನೆಂದು ತಿಳಿಯಬೇಕಾದರೆ ಮಿಥಿಲೆಗೆ ಹೋಗಿ ಧರ್ಮವ್ಯಾಧನನ್ನು ಕಾಣುವಂತೆ ಹೇಳಿ ಕಳುಹಿಸುತ್ತಾಳೆ. ಕೌಶಿಕನು ಅಲ್ಲಿಗೆ ಹೋಗಿ ನೋಡಿದರೆ ಆ ಮಹಾತ್ಮನು ಮಾಂಸದಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಿರುತ್ತಾನೆ. ವೇದಾಧ್ಯಯನ ಮಾಡಿದವನು ಕಟುಕನ ಅಂಗಡಿಯ ಮುಂದೆ ನಿಂತು ಧರ್ಮೋಪದೇಶವನ್ನು ಕೇಳಬೇಕಾಯಿತು. ನಮ್ಮ ಪೂರ್ವಿಕರು ಈ ಕಥೆಯನ್ನು ನಾಚಿಕೆಪಡದೆ ಗ್ರಂಥದಲ್ಲಿ ಸೇರಿಸಿ ನಮಗೆ ಬಿಟ್ಟುಹೋಗಿದ್ದಾರೆ.

ಇದನ್ನು ಮೊದಲಿಗೆ ಹೇಳಲು ಕಾರಣವುಂಟು. ಇಂದು ನಾವು ವಾಚಕರ ಮುಂದಿಡುವುದು ಒಂದು ಮಾಂಸದಂಗಡಿಯ ಚರಿತ್ರೆ. ಅದರಲ್ಲಿಯೂ ಹಂದಿಯ ಮಾಂಸದ ಅಂಗಡಿಯದು. ನಮ್ಮ ವಾಚಕರಲ್ಲಿ ಮಾಂಸವನ್ನು ಮುಟ್ಟದವರು ಅನೇಕರು. ಮುಟ್ಟುವವರಲ್ಲಿಯೂ ಈ ಮಾಂಸವನ್ನು ವರ್ಜಿಸಿದವರು ಕಡಿಮೆಯಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಇದೆಂತಹ ಪ್ರಸ್ತಾಪವೆಂದು ಮುಖ ತಿರುಗಿಸುವವರು ಕೌಶಿಕನನ್ನು ನೆನೆದು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಬೇಡುತ್ತೇವೆ. ನಮ್ಮ ವಿಚಾರವು ಮಾಂಸವನ್ನು ಕುರಿತದ್ದಲ್ಲ, ಹೆಸರನ್ನು ಕುರಿತದ್ದು. ಒಬ್ಬ ಮನುಷ್ಯನು ತನ್ನ ಹೆಸರನ್ನು ಅಂಗಡಿಯ ಬಾಗಿಲಿಗೆ ಬರೆಸಿ, ಅದನ್ನು ನಂಬಿ ಲಕ್ಷಾಂತರ ಜನರು ಕೊಳ್ಳತೊಡಗಿದ ಮೇಲೆ, ಆ ಹೆಸರು ಯಾರ ಸೊತ್ತು? ಅದನ್ನು ಹೊತ್ತವನದೋ? ಅದಕ್ಕಾಗಿ ಬೆವರು ಸುರಿಸಿದವರದೋ? ಅಥವಾ ಹಣ ಕೊಟ್ಟು ಕೊಂಡುಕೊಂಡವನದೋ? ಈ ಪ್ರಶ್ನೆಗೆ ಅಮೇರಿಕಾ ದೇಶದ ಒಂದು ವಲಸೆಗಾರ ಕುಟುಂಬದ ಚರಿತ್ರೆಯು ಎರಡು ಬೇರೆ ಬೇರೆ ಉತ್ತರಗಳನ್ನು ಕೊಡುತ್ತದೆ. ಎರಡನ್ನೂ ನಾವು ತಿಳಿದಿರುವುದು ಲೇಸು.

ಹುಡುಗನ ವಲಸೆ

ಓಸ್ಕರ್ ಮೇಯರ್ ಎಂಬಾತನು 1859ರಲ್ಲಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದನು. ಆಗ ಜರ್ಮನಿಯೆಂಬ ಒಂದು ರಾಷ್ಟ್ರವೇ ಇರಲಿಲ್ಲ. ಚಿಕ್ಕ ದೊಡ್ಡ ರಾಜ್ಯಗಳೆಲ್ಲ ಸೇರಿ ಒಂದು ಸಾಮ್ರಾಜ್ಯವಾದದ್ದು 1871ರಲ್ಲಿ. ಅದಾದ ಎರಡೇ ವರ್ಷಗಳಿಗೆ, ಅಂದರೆ 1873ರಲ್ಲಿ, ಹದಿನಾಲ್ಕು ವರ್ಷದ ಈ ಹುಡುಗನು ಬಂಧುಗಳ ಜೊತೆಯಲ್ಲಿ ಹಡಗು ಹತ್ತಿ ಅಟ್ಲಾಂಟಿಕ್ ಸಮುದ್ರವನ್ನು ದಾಟಿದನು. ಮೊದಲು ಇಳಿದುಕೊಂಡದ್ದು ಡೆಟ್ರಾಯಿಟ್ ನಗರದಲ್ಲಿ. ಅಲ್ಲಿ ಕಟುಕನೊಬ್ಬನ ಅಂಗಡಿಯಲ್ಲಿ ಆಳಾಗಿ ಸೇರಿ ಕೆಲಸ ಕಲಿತನು. ಮೂರು ವರ್ಷಗಳಾದ ಬಳಿಕ, 1876ರಲ್ಲಿ, ಷಿಕಾಗೋ ನಗರಕ್ಕೆ ಹೋದನು.

ಮಾಂಸದ ವ್ಯಾಪಾರವನ್ನು ಕಲಿಯತಕ್ಕವನಿಗೆ ಆ ಕಾಲದಲ್ಲಿ ಷಿಕಾಗೋವನ್ನು ಮೀರಿದ ಪಾಠಶಾಲೆ ಪ್ರಪಂಚದಲ್ಲಿ ಬೇರೊಂದಿರಲಿಲ್ಲ. 1865ರ ಕ್ರಿಸ್‌ಮಸ್ ದಿನ ಅಲ್ಲಿ ರೈಲ್ವೆ ಕಂಪೆನಿಗಳೆಲ್ಲ ಕೂಡಿ ಕಟ್ಟಿಸಿದ ಬೃಹತ್ತಾದ ದನದ ದೊಡ್ಡಿಗಳು ಪ್ರಾರಂಭವಾಗಿದ್ದವು. ಪಶ್ಚಿಮದ ಬಯಲುಗಳಿಂದ ದನಗಳೂ ಹಂದಿಗಳೂ ರೈಲು ಗಾಡಿಗಳಲ್ಲಿ ಬಂದು ಅಲ್ಲಿ ಇಳಿಯುತ್ತಿದ್ದವು. ಮಾಂಸವಾಗಿ ಪೂರ್ವದ ನಗರಗಳಿಗೆ ಹೋಗುತ್ತಿದ್ದವು. ಆರ್ಮರ್, ಸ್ವಿಫ್ಟ್, ಮಾರಿಸ್ ಮೊದಲಾದ ಸಾಹುಕಾರರು ಅಲ್ಲಿ ಕಸಾಯಿ ಕೆಲಸವನ್ನು ಕಾರ್ಖಾನೆಯ ಕೆಲಸವನ್ನಾಗಿ ಮಾರ್ಪಡಿಸಿದರು. ಕೊಂದ ಪಶುವನ್ನು ಮೇಲಿನ ಹಳಿಯ ಕೊಕ್ಕೆಗೆ ನೇತುಹಾಕಿ ಸಾಗಿಸುತ್ತಿದ್ದರು. ಕೂಲಿಕಾರನು ನಿಂತಲ್ಲಿಯೇ ನಿಂತು ತನ್ನ ಪಾಲಿನ ಒಂದೇ ಒಂದು ಕೊಯ್ತವನ್ನು ಕೊಯ್ಯುತ್ತಿದ್ದನು. ಒಬ್ಬನು ಚರ್ಮ ಸುಲಿದರೆ ಮತ್ತೊಬ್ಬನು ತೊಡೆ ಬಿಡಿಸುವನು, ಮಗುದೊಬ್ಬನು ತೊಳೆಯುವನು. ಮುಂದೆ ಹೆನ್ರಿ ಫೋರ್ಡ್ ಮಹಾಶಯನು ಮೋಟಾರು ಕಾರುಗಳನ್ನು ಜೋಡಿಸಲು ಚಲಿಸುವ ಸಾಲನ್ನು ಏರ್ಪಡಿಸಿದಾಗ, ಆ ಆಲೋಚನೆಗೆ ಮೂಲವು ಷಿಕಾಗೋ ಕಸಾಯಿಖಾನೆಗಳ ಈ ತೂಗು ಹಳಿಯೇ ಎಂದು ತಾನೇ ಬರೆದುಕೊಂಡಿದ್ದಾನೆ. ಮಂಜುಗಡ್ಡೆಯಿಂದ ತಂಪಾಗಿಟ್ಟ ರೈಲು ಗಾಡಿಗಳು 1870ರ ದಶಕದ ಕೊನೆಗೆ ಬಂದ ಮೇಲಂತೂ ಷಿಕಾಗೋವಿನ ಮಾಂಸವು ಸಾವಿರ ಮೈಲಿ ದೂರದ ಊರುಗಳಲ್ಲಿಯೂ ಕೆಡದೆ ಮಾರಾಟವಾಗತೊಡಗಿತು.

ಇಂತಹ ಸ್ಥಳದಲ್ಲಿ ಆರ್ಮರ್ ಕಂಪೆನಿಯವರ ಬಳಿ ಓಸ್ಕರನು ಆರು ವರ್ಷ ದುಡಿದನು. ದೊಡ್ಡ ಯಂತ್ರದಲ್ಲಿ ತಾನೊಂದು ಸಣ್ಣ ಹಲ್ಲಾಗಿರುವುದಕ್ಕೆ ಅವನ ಮನಸ್ಸು ಒಪ್ಪಲಿಲ್ಲವೆಂದು ಕಾಣುತ್ತದೆ. ಸ್ವಂತ ಅಂಗಡಿಯನ್ನು ಇಡಬೇಕೆಂಬ ಸಂಕಲ್ಪದಿಂದ ಹಣ ಕೂಡಿಹಾಕಿದನು. ಆದರೆ ಹಣವೊಂದೇ ಸಾಲದು, ಕೈಕಸುಬೂ ಬೇಕಷ್ಟೆ. ಅವನ ಸೋದರನಾದ ಗಾಟ್‌ಫ್ರೀಡನು ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಸಾಸೇಜು ಮಾಡುವುದನ್ನೂ ಹಂದಿಯ ತೊಡೆಯನ್ನು ಉಪ್ಪಿನಲ್ಲಿ ಹದಗೊಳಿಸುವುದನ್ನೂ ಕ್ರಮವಾಗಿ ಅಭ್ಯಾಸ ಮಾಡಿದ್ದನು. ಸಾಸೇಜೆಂದರೆ ಕೊಚ್ಚಿದ ಮಾಂಸಕ್ಕೆ ಉಪ್ಪು ಮಸಾಲೆಗಳನ್ನು ಬೆರೆಸಿ ಕರುಳಿನ ಕೊಳವೆಯಲ್ಲಿ ತುಂಬಿ, ಹೊಗೆಯಲ್ಲಿಟ್ಟೋ ಬೇಯಿಸಿಯೋ ಸಿದ್ಧಪಡಿಸಿದ ಪದಾರ್ಥ. ಜರ್ಮನರಿಗೆ ಅದು ನಿತ್ಯದ ಆಹಾರ. ಒಂದೊಂದು ಊರಿಗೆ ಒಂದೊಂದು ಬಗೆ. ತಮ್ಮ ದೇಶದ ರುಚಿಯನ್ನು ಮರೆಯಲಾರದ ಜರ್ಮನರು ಷಿಕಾಗೋವಿನಲ್ಲಿ ಲಕ್ಷಗಟ್ಟಲೆ ಇದ್ದರು. ಗಿರಾಕಿಯೂ ಕಸುಬೂ ಹೀಗೆ ಒಂದೆಡೆ ಕೂಡಿಬಂದವು.

ಬಾಡಿಗೆಯ ಗೋಡೆಗಳು

1883ರಲ್ಲಿ ಅಣ್ಣತಮ್ಮಂದಿರು ನಗರದ ಉತ್ತರ ಭಾಗದಲ್ಲಿ, ಜರ್ಮನರು ನೆಲಸಿದ್ದ ಕೇರಿಯಲ್ಲಿ, ಕೋಲಿಂಗ್ ಮಾರ್ಕೆಟ್ ಎಂಬ ಸೋತು ಸೊರಗಿದ್ದ ಮಾಂಸದಂಗಡಿಯೊಂದನ್ನು ಗುತ್ತಿಗೆಗೆ ಹಿಡಿದರು. ಗಾಟ್‌ಫ್ರೀಡನು ಹಿಂದಿನ ಕೋಣೆಯಲ್ಲಿ ಮಾಲು ತಯಾರಿಸುವುದು, ಓಸ್ಕರನು ಮುಂದಿನ ಕಟ್ಟೆಯಲ್ಲಿ ನಿಂತು ಮಾರುವುದು. ಮುಂದೆ ಮ್ಯಾಕ್ಸ್ ಎಂಬ ಮೂರನೆಯ ಸೋದರನು ಬಂದು ಲೆಕ್ಕದ ಪುಸ್ತಕ ಹಿಡಿದನು. ಅವಿಭಕ್ತ ಕುಟುಂಬದ ಕೈಗಾರಿಕೆಯೆಂದರೆ ಇದೇ. ನಮ್ಮ ಪೇಟೆಬೀದಿಯ ಎಷ್ಟೋ ಅಂಗಡಿಗಳಲ್ಲಿ ವಾಚಕರು ಇಂತಹ ಏರ್ಪಾಡನ್ನೇ ಕಾಣಬಹುದು.

ಐದು ವರ್ಷಗಳಲ್ಲಿ ಅಂಗಡಿಯು ಹೆಸರುವಾಸಿಯಾಯಿತು. 1888ರಲ್ಲಿ ಗುತ್ತಿಗೆಯ ಅವಧಿ ತೀರಿತು. ಆಗ ಅಂಗಡಿಯ ಒಡೆಯರಿಗೆ ಒಂದು ಆಸೆ ಹುಟ್ಟಿತು. ಇಷ್ಟು ಚೆನ್ನಾಗಿ ನಡೆಯುವ ವ್ಯಾಪಾರವನ್ನು ಬಾಡಿಗೆಯವರಿಗೆ ಏಕೆ ಬಿಡಬೇಕು, ತಾವೇ ನಡೆಸಿ ಲಾಭ ಪಡೆಯಬಾರದೇಕೆ ಎಂದು ಆಲೋಚಿಸಿ ಗುತ್ತಿಗೆಯನ್ನು ಮುಂದುವರಿಸಲು ನಿರಾಕರಿಸಿದರು. ಮೇಯರ್ ಸೋದರರು ವ್ಯಾಜ್ಯಕ್ಕೆ ಹೋಗಲಿಲ್ಲ. ಸಾಲ ಮಾಡಿ, ಎರಡು ಬೀದಿಗಳಾಚೆ ಸೆಜ್‌ವಿಕ್ ರಸ್ತೆಯಲ್ಲಿ ಸ್ವಂತದ ಎರಡಂತಸ್ತಿನ ಕಟ್ಟಡವನ್ನು ಕಟ್ಟಿಸಿದರು. ಕೆಳಗೆ ಅಂಗಡಿ, ಮೇಲೆ ವಾಸ. ಗಿರಾಕಿಗಳು ಹಳೆಯ ಗೋಡೆಗಳಲ್ಲಿ ಉಳಿಯಲಿಲ್ಲ. ಎರಡು ಬೀದಿ ಹೆಚ್ಚಾಗಿ ನಡೆದು ಮೇಯರರ ಹೊಸ ಬಾಗಿಲಿಗೆ ಬಂದರು.

ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅಂಗಡಿಯ ಬೆಲೆಯು ಗೋಡೆಯಲ್ಲಿದೆಯೆಂದು ಒಡೆಯರು ತಿಳಿದರು, ಅದು ಮನುಷ್ಯರಲ್ಲಿತ್ತು. ಯಾರ ಕೈಯ ಹದವನ್ನೂ ಯಾರ ಮಾತಿನ ಸತ್ಯವನ್ನೂ ಜನರು ನಂಬಿದ್ದರೋ ಅವರ ಹಿಂದೆಯೇ ನಂಬಿಕೆಯೂ ನಡೆದುಹೋಯಿತು.

ಕಣ್ಣಿಗೆ ಕಾಣದ ಪದಾರ್ಥ

ಅಕ್ಕಿಯನ್ನು ಕೊಳ್ಳುವವನು ಅಂಗೈಯಲ್ಲಿ ಹಿಡಿದು ನೋಡಬಹುದು. ಬಟ್ಟೆಯನ್ನು ಕೊಳ್ಳುವವನು ಎಳೆದು ನೋಡಬಹುದು. ಸಾಸೇಜನ್ನು ಕೊಳ್ಳುವವನು ಏನನ್ನು ನೋಡಬೇಕು? ಕೊಚ್ಚಿ, ಮಸಾಲೆ ಬೆರೆಸಿ, ಬಾಯಿ ಕಟ್ಟಿದ ಮೇಲೆ ಒಳಗಿರುವುದು ಒಳ್ಳೆಯ ಮಾಂಸವೋ, ಕೊಳೆತ ಚೂರೋ, ದೇವರೇ ಬಲ್ಲ. ಆದ್ದರಿಂದ ಈ ವ್ಯಾಪಾರವು ಕೇವಲ ನಂಬಿಕೆಯ ಮೇಲೆ ನಿಂತ ವ್ಯಾಪಾರ. ಮೋಸಕ್ಕೆ ಇದಕ್ಕಿಂತ ಅನುಕೂಲವಾದ ವ್ಯಾಪಾರವೂ ಇಲ್ಲ. ಪ್ರಾಮಾಣಿಕನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯೂ ಇಲ್ಲ.

ಮೇಯರರು ತಮ್ಮ ಹೆಸರನ್ನು ಜನರ ಕಣ್ಣೆದುರಿಗೆ ಇಡಲು ಮೊದಲಿನಿಂದಲೂ ಶ್ರಮಪಟ್ಟರು. 1893ರಲ್ಲಿ ಷಿಕಾಗೋವಿನಲ್ಲಿ ವಿಶ್ವ ಪ್ರದರ್ಶನವು ನಡೆದಾಗ ಅಲ್ಲಿನ ಜರ್ಮನ್ ವಿಭಾಗಕ್ಕೆ ಸಹಾಯಧನ ಕೊಟ್ಟವರಲ್ಲಿ ಇವರೂ ಸೇರಿದ್ದರು. ಅದೇ ವರ್ಷ ಅದೇ ನಗರದಲ್ಲಿ ಸರ್ವಧರ್ಮ ಸಮ್ಮೇಳನವು ಕೂಡಿದಾಗ ವಿವೇಕಾನಂದರು ಮಾತಾಡಿದರೆಂಬುದನ್ನು ನಮ್ಮ ವಾಚಕರಿಗೆ ನೆನಪು ಮಾಡಬೇಕಾಗಿಲ್ಲ. 1900ರ ವೇಳೆಗೆ ಮೇಯರರ ಬಳಿ 43 ಮಂದಿ ಕೆಲಸಗಾರರಿದ್ದರು. 1904ರಲ್ಲಿ ತಮ್ಮ ಮಾಲಿಗೆ 'ಎಡೆಲ್‌ವೈಸ್' ಎಂಬ ಮುದ್ರೆಯ ಹೆಸರನ್ನಿಟ್ಟರು. ಅದು ಆಲ್ಪ್ಸ್ ಪರ್ವತದಲ್ಲಿ ಅರಳುವ ಬಿಳಿಯ ಹೂವು. ಮಾಂಸವೆಂದರೆ ಹೆಸರಿಲ್ಲದ ಪದಾರ್ಥವಾಗಿದ್ದ ಆ ಕಾಲದಲ್ಲಿ, ಇದು ನಮ್ಮದು, ಕೆಟ್ಟರೆ ನಮ್ಮನ್ನೇ ಕೇಳಿ ಎಂದು ಒಪ್ಪಿಕೊಂಡಂತೆ ಆಯಿತು. ಹೆಸರಿಡುವುದೆಂದರೆ ಬೈಗುಳಕ್ಕೆ ವಿಳಾಸ ಕೊಟ್ಟಂತೆ. ಬೈಸಿಕೊಳ್ಳಲು ಸಿದ್ಧನಾದವನು ಮಾತ್ರ ಹೆಸರಿಟ್ಟಾನು.

ಅಷ್ಟರಲ್ಲಿ ಇಡೀ ಉದ್ಯಮವನ್ನು ನಡುಗಿಸಿದ ಒಂದು ಗ್ರಂಥವು ಹೊರಬಿದ್ದಿತು. ಅಪ್ಟನ್ ಸಿಂಕ್ಲೇರ್ ಎಂಬ ತರುಣ ಲೇಖಕನು 1904ರಲ್ಲಿ ಕೆಲವು ವಾರ ಷಿಕಾಗೋ ಕಸಾಯಿಖಾನೆಗಳ ಕೂಲಿಕಾರರ ನಡುವೆ ಇದ್ದು ಕಣ್ಣಾರೆ ಕಂಡದ್ದನ್ನು 'ದಿ ಜಂಗಲ್' ಎಂಬ ಕಾದಂಬರಿಯಾಗಿ ಬರೆದನು. 1905ರಲ್ಲಿ ಪತ್ರಿಕೆಯಲ್ಲಿ ಕಂತುಗಳಾಗಿಯೂ 1906ರಲ್ಲಿ ಗ್ರಂಥರೂಪವಾಗಿಯೂ ಅದು ಪ್ರಕಟವಾಯಿತು. ಅದರ ನಾಯಕನೂ ವಲಸೆಗಾರನೇ, ಲಿಥುವೇನಿಯಾ ದೇಶದಿಂದ ಬಂದವನು. ಅವನ ಕುಟುಂಬವು ಅದೇ ನಗರದಲ್ಲಿ, ಅದೇ ಉದ್ಯಮದಲ್ಲಿ ನುಚ್ಚುನೂರಾಗುವುದೇ ಆ ಕಥೆ. ಒಬ್ಬ ವಲಸೆಗಾರನು ಅಂಗಡಿಯ ಯಜಮಾನನಾದಾಗ ಸಾವಿರಾರು ವಲಸೆಗಾರರು ರಕ್ತದ ನೆಲದ ಮೇಲೆ ಜಾರುತ್ತ ಕೈಬೆರಳುಗಳನ್ನು ಕಳೆದುಕೊಳ್ಳುತ್ತಿದ್ದರೆಂಬುದನ್ನು ಮರೆತು ಏಳಿಗೆಯ ಕಥೆಯನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ಕೂಲಿಕಾರರ ಸಂಕಟವನ್ನು ಜನರಿಗೆ ತಿಳಿಸಬೇಕೆಂದು ಸಿಂಕ್ಲೇರನು ಬರೆದನು. ಓದಿದವರಿಗೆ ತಟ್ಟಿದ್ದು ಮಾತ್ರ ತಮ್ಮ ತಟ್ಟೆಯ ಭಯ! ಕೂಲಿಯವನ ಗಾಯಕ್ಕಿಂತ ಸಾಸೇಜಿನೊಳಗಿನ ಕೊಳಕು ದೇಶವನ್ನು ಎಚ್ಚರಿಸಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನು ವಿಚಾರಣೆಗೆ ಇಬ್ಬರು ಅಧಿಕಾರಿಗಳನ್ನು ಕಳುಹಿಸಿದನು. ಅವರ ವರದಿಯೂ ಕೊಳಕಿನ ಮಾತನ್ನು ಸ್ಥಿರಪಡಿಸಿತು. 1906ನೆಯ ಜೂನ್ 30ರಂದು ಮಾಂಸ ಪರೀಕ್ಷೆಯ ಕಾಯಿದೆಗೆ ಅಂಕಿತವಾಯಿತು. ರಾಜ್ಯದಿಂದ ರಾಜ್ಯಕ್ಕೆ ಮಾಂಸವನ್ನು ಕಳುಹಿಸುವ ಕಾರ್ಖಾನೆಗಳಲ್ಲಿ ಪಶುವನ್ನು ಕೊಲ್ಲುವ ಮೊದಲೂ ಕೊಂದ ಮೇಲೂ ಸರ್ಕಾರದ ಪರೀಕ್ಷಕನು ನೋಡತಕ್ಕದ್ದೆಂದೂ ಮುದ್ರೆಯಿಲ್ಲದ ಮಾಂಸವು ಹೊರಗೆ ಹೋಗತಕ್ಕದ್ದಲ್ಲವೆಂದೂ ವಿಧಿಸಲ್ಪಟ್ಟಿತು.

ಈ ಪರೀಕ್ಷೆಗೆ ತಾವಾಗಿಯೇ ಮುಂದೆ ಬಂದು ಒಳಪಟ್ಟ ಮೊದಲಿಗರಲ್ಲಿ ಮೇಯರರೂ ಇದ್ದರು. ಪುಣ್ಯಕ್ಕಾಗಿ ಬಂದರೋ, ಲಾಭಕ್ಕಾಗಿ ಬಂದರೋ ಎಂಬ ಚರ್ಚೆ ಬೇಡ. ವ್ಯಾಪಾರಿಯು ಲಾಭವನ್ನು ನೋಡತಕ್ಕವನೇ. ಆದರೆ ಸರ್ಕಾರದ ಪರೀಕ್ಷಕನು ಬಾಗಿಲಿಗೆ ಬಂದರೆ ಶನಿ ಬಂದಂತೆ ನಡುಗುವ ವ್ಯಾಪಾರಿಯೂ ಇದ್ದಾನೆ, ಒಳಗೆ ಬಂದು ನೋಡಿ ಮುದ್ರೆ ಒತ್ತಿ ಹೋಗೆಂದು ಕರೆಯುವ ವ್ಯಾಪಾರಿಯೂ ಇದ್ದಾನೆ. ಒಳ್ಳೆಯ ಕಾಯಿದೆಯು ಪ್ರಾಮಾಣಿಕನಿಗೆ ಹೊರೆಯಲ್ಲ. ಮೋಸಗಾರನೊಡನೆ ಸ್ಪರ್ಧಿಸುವ ಸಂಕಟದಿಂದ ಅವನನ್ನು ಬಿಡಿಸುವ ಉಪಕಾರಿ. ನಮ್ಮ ಅಧಿಕಾರಿವರ್ಗದವರೂ ವರ್ತಕ ಮಹಾಶಯರೂ ಇದನ್ನು ಮನಸ್ಸಿನಲ್ಲಿಡಬೇಕು.

ರೈತರ ಕಾರ್ಖಾನೆ

ಓಸ್ಕರನ ಮಗನ ಹೆಸರೂ ಓಸ್ಕರನೇ. ಕಟುಕನ ಅಂಗಡಿಯಲ್ಲಿ ಆಳಾಗಿ ಜೀವನ ಪ್ರಾರಂಭಿಸಿದವನು ಮಗನನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದನು. 1909ರಲ್ಲಿ ಪದವೀಧರನಾದ ಮಗನು ಕಛೇರಿಯ ಕೆಲಸವನ್ನೋ ವಕೀಲಿಯನ್ನೋ ಹುಡುಕಿಕೊಂಡು ಹೋಗಲಿಲ್ಲ. ತಂದೆಯ ಅಂಗಡಿಗೆ ಹಿಂದಿರುಗಿದನು. ವಿದ್ಯೆ ಬಂದೊಡನೆ ಕುಲಕಸುಬಿಗೆ ತಿಲಾಂಜಲಿ ಕೊಡುವ ನಮ್ಮ ತರುಣರು ಇದನ್ನು ಗಮನಿಸಲಿ.

ಆ ಕಾಲಕ್ಕೆ ಆರ್ಮರ್, ಸ್ವಿಫ್ಟ್, ಮಾರಿಸ್, ವಿಲ್ಸನ್, ಕಡಾಹಿ ಎಂಬ ಐದು ಮಹಾ ಕಂಪೆನಿಗಳು ದೇಶದ ಮಾಂಸದ ವ್ಯಾಪಾರವನ್ನು ಮುಷ್ಟಿಯಲ್ಲಿ ಹಿಡಿದಿದ್ದವು. ಪಶುಗಳನ್ನು ಸಾಕುವ ರೈತನಿಗೆ ಅವರು ಹೇಳಿದ್ದೇ ಧಾರಣೆ. ಇದರಿಂದ ಬೇಸತ್ತ ರೈತರು ಅಲ್ಲಲ್ಲಿ ಸಹಕಾರ ಸಂಘಗಳನ್ನು ಸ್ಥಾಪಿಸಿ ತಮ್ಮದೇ ಕಾರ್ಖಾನೆಗಳನ್ನು ಕಟ್ಟಿಕೊಂಡರು. ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿಯಾದ ಮ್ಯಾಡಿಸನ್ ನಗರದಲ್ಲಿಯೂ ಅಂತಹದೊಂದು ಕಾರ್ಖಾನೆಯೆದ್ದಿತು. ಆದರೆ ಹೆಚ್ಚು ಕಾಲ ನಡೆಯಲಿಲ್ಲ. 1919ರಲ್ಲಿ ಅದು ಹರಾಜಿಗೆ ಬಂದಾಗ ಕೊಂಡುಕೊಂಡವರು ಮೇಯರರು.

ಸಹಕಾರ ತತ್ತ್ವವನ್ನು ಈ ಪತ್ರಿಕೆಯು ಯಾವಾಗಲೂ ಎತ್ತಿಹಿಡಿದಿದೆ. ಆದ್ದರಿಂದ ರೈತರ ಸೋಲನ್ನು ಬರೆಯುವಾಗ ನಮಗೆ ಸಂತೋಷವಿಲ್ಲ. ಆದರೆ ಮಾಲು ಹುಟ್ಟಿಸುವುದು ಬೇರೆ, ಮಾಲು ಮಾರುವುದು ಬೇರೆ. ರೈತರಲ್ಲಿ ಹಂದಿಗಳಿದ್ದವು, ಕಾರ್ಖಾನೆಯಿತ್ತು. ದೂರದ ಪಟ್ಟಣದ ಗೃಹಿಣಿಯು ಕೇಳಿ ಕೊಳ್ಳುವಂತಹ ಹೆಸರು ಇರಲಿಲ್ಲ. ಮೇಯರರಲ್ಲಿ ಮೂವತ್ತಾರು ವರ್ಷಗಳಿಂದ ಬೆಳೆದ ಹೆಸರಿತ್ತು. ಅದೇ ಗೋಡೆಗಳು, ಅದೇ ಹಂದಿಗಳು, ಸುತ್ತಮುತ್ತ ಅದೇ ರೈತರು. ಹೆಸರು ಬಂದು ಕೂಡಿದೊಡನೆ ಕಾರ್ಖಾನೆಯು ಜೀವ ತಳೆಯಿತು. ಮುಂದೆ ಕುಟುಂಬವೂ ಅಲ್ಲಿಯೇ ನೆಲಸಿತು. 1950ರ ದಶಕದಲ್ಲಿ ಕಂಪೆನಿಯ ಮುಖ್ಯ ಕಛೇರಿಯೂ ಷಿಕಾಗೋವಿನಿಂದ ಮ್ಯಾಡಿಸನ್ನಿಗೆ ಬಂದಿತು. 1970ರ ದಶಕದಲ್ಲಿ ಆ ಒಂದೇ ಊರಿನಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ ಜನರು ಈ ಕಂಪೆನಿಯ ಸಂಬಳದಿಂದ ಸಂಸಾರ ನಡೆಸುತ್ತಿದ್ದರು.

ಹಳದಿಯ ಪಟ್ಟಿ

ಹೆಸರನ್ನು ಜನರ ಕೈಗೆ ಮುಟ್ಟಿಸಿದ ಬಗೆಯೂ ತಿಳಿಯತಕ್ಕದ್ದೇ. ಆಗಿನ ಪದ್ಧತಿಯಲ್ಲಿ ಕಾರ್ಖಾನೆಯ ಮಾಲು ಊರ ಕಟುಕನ ಅಂಗಡಿಗೆ ಬಿಡಿಯಾಗಿ ಬರುತ್ತಿದ್ದಿತು. ಬೇಕನ್ ಎಂಬ, ಉಪ್ಪಿನಲ್ಲಿ ಹದಗೊಳಿಸಿದ ಹಂದಿಯ ಮಾಂಸದ ದೊಡ್ಡ ಹಲಗೆಯಂತಹ ತುಂಡಿನಿಂದ ಕಟುಕನೇ ಹೋಳುಗಳನ್ನು ಕೊಯ್ದುಕೊಡುವನು. ಸಾಸೇಜಿನ ಸರದಿಂದ ಕೇಳಿದಷ್ಟನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿಕೊಡುವನು. ಯಾರು ಮಾಡಿದರೆಂದು ಕೊಳ್ಳುವವಳಿಗೆ ತಿಳಿಯುವ ದಾರಿಯಿಲ್ಲ. 1924ರಲ್ಲಿ ಮೇಯರರು ಬೇಕನ್ನನ್ನು ಕಾರ್ಖಾನೆಯಲ್ಲಿಯೇ ಸಮನಾಗಿ ಕೊಯ್ದು ಪೊಟ್ಟಣದಲ್ಲಿಟ್ಟು ಮಾರತೊಡಗಿದರು. 1929ರಲ್ಲಿ ಸಾಸೇಜಿನ ಸರದಲ್ಲಿ ಪ್ರತಿ ನಾಲ್ಕನೆಯದಕ್ಕೆ ಒಂದೊಂದು ಹಳದಿ ಕಾಗದದ ಪಟ್ಟಿಯನ್ನು ಸುತ್ತಿದರು. ಪಟ್ಟಿಯ ಮೇಲೆ ತಮ್ಮ ಹೆಸರು ಮತ್ತು ಸರ್ಕಾರದ ಪರೀಕ್ಷಾ ಮುದ್ರೆ. ಕೈಯಿಂದ ಸುತ್ತುತ್ತಿದ್ದ ಈ ಪಟ್ಟಿಗೆ 1944ರಲ್ಲಿ ಯಂತ್ರ ಬಂದಿತು. 1950ರಲ್ಲಿ ಗಾಳಿಯನ್ನು ಹೀರಿ ತೆಗೆದು ಮುಚ್ಚಿದ ಪೊಟ್ಟಣಗಳು ಬಂದವು. ಮಾಂಸದ ಹೋಳುಗಳು ಅದರಲ್ಲಿ ಬಹುದಿನ ಕೆಡದೆ ಇರುತ್ತಿದ್ದವು.

ಹೀಗೆ ಸಣ್ಣ ಸಣ್ಣ ಉಪಾಯಗಳಿಂದ ಒಂದು ದೊಡ್ಡ ಬದಲಾವಣೆಯು ನಡೆದುಹೋಯಿತು. ಮೊದಲು ಗೃಹಿಣಿಯು ನಂಬುತ್ತಿದ್ದದ್ದು ತನ್ನ ಬೀದಿಯ ಕಟುಕನನ್ನು. ಅವನ ಮುಖವನ್ನು ಬಲ್ಲಳು, ಕೆಟ್ಟರೆ ಮರುದಿನ ಹೋಗಿ ಕೇಳಬಲ್ಲಳು. ಈಗ ನಂಬತೊಡಗಿದ್ದು ಪೊಟ್ಟಣದ ಮೇಲಿನ ಅಕ್ಷರಗಳನ್ನು. ನಂಬಿಕೆಯು ಮುಖದಿಂದ ಕಾಗದಕ್ಕೆ ದಾಟಿತು. ಆ ಕಾಗದದ ಹಿಂದೆ ಇನ್ನೂ ಒಂದು ಮುಖವಿದ್ದುದರಿಂದ, ಅಂದರೆ ಹೆಸರನ್ನು ಹೊತ್ತ ತಂದೆ, ಮಗ, ಮೊಮ್ಮಗ ಕಾರ್ಖಾನೆಯಲ್ಲಿಯೇ ಇದ್ದುದರಿಂದ, ಈ ದಾಟುವಿಕೆಯ ಅಪಾಯವು ಆಗ ಯಾರಿಗೂ ತೋರಲಿಲ್ಲ.

ಪ್ರಚಾರದಲ್ಲಿಯೂ ಇವರನ್ನು ಮೀರಿಸಿದವರಿಲ್ಲ. 1936ರಲ್ಲಿ ಓಸ್ಕರನ ಸೋದರನ ಮಗನಾದ ಕಾರ್ಲನು ಸಾಸೇಜಿನ ಆಕಾರದ 13 ಅಡಿ ಉದ್ದದ ಮೋಟಾರು ಬಂಡಿಯೊಂದನ್ನು ಕಟ್ಟಿಸಿ ಷಿಕಾಗೋ ಬೀದಿಗಳಲ್ಲಿ ಓಡಿಸಿದನು. ಇದಕ್ಕೆ 'ವೀನರ್‌ಮೊಬೈಲ್' ಎಂದು ಹೆಸರು. ಅರ್ಥಸಂಕಟದ ಆ ದಿನಗಳಲ್ಲಿ ಹೊಟ್ಟೆ ತುಂಬದ ಮಕ್ಕಳೂ ಅದನ್ನು ನೋಡಿ ನಕ್ಕು ಹಿಂದೆ ಓಡಿದರು. ಅದರ ಸಂತತಿಯ ಬಂಡಿಗಳು ಈಗಲೂ ಆ ದೇಶದ ರಸ್ತೆಗಳಲ್ಲಿ ಓಡಾಡುತ್ತವೆ. ಮೂಲಪುರುಷನಾದ ಓಸ್ಕರನು 1955ರಲ್ಲಿ ತನ್ನ 95ನೆಯ ವಯಸ್ಸಿನಲ್ಲಿ ಕಾಲವಾದನು. ಅವನು ಬಿಟ್ಟುಹೋದ ಹೆಸರು 1963ರಿಂದ ಒಂದು ಜಾಹೀರಾತಿನ ಹಾಡಾಗಿ ಮಕ್ಕಳ ಬಾಯಲ್ಲಿ ನಲಿದಾಡಿತು.

ಕೈಯಿಂದ ಕೈಗೆ

ಮೂರನೆಯ ತಲೆಮಾರಿನ ಓಸ್ಕರನು 1977ರಲ್ಲಿ ಅಧ್ಯಕ್ಷಪದವಿಯಿಂದ ನಿವೃತ್ತನಾದನು. ಅಷ್ಟು ಹೊತ್ತಿಗೆ ಷೇರುಗಳು ವಂಶಸ್ಥರಲ್ಲಿಯೂ ಹೊರಗಿನವರಲ್ಲಿಯೂ ಹಂಚಿಹೋಗಿದ್ದವು. 1981ರಲ್ಲಿ ಜನರಲ್ ಫುಡ್ಸ್ ಎಂಬ ಮಹಾ ಕಂಪೆನಿಯು ಸುಮಾರು 46 ಕೋಟಿ ಡಾಲರು ಕೊಟ್ಟು ಇಡಿಯ ವ್ಯಾಪಾರವನ್ನು ಕೊಂಡಿತು. ಬಲಾತ್ಕಾರವೇನೂ ಇರಲಿಲ್ಲ, ಕೊಟ್ಟವರು ಒಪ್ಪಿ ಕೊಟ್ಟರು, ಕೊಂಡವರು ಬೆಲೆ ತೆತ್ತರು.

ಅಲ್ಲಿಂದ ಮುಂದೆ ಆ ಹೆಸರಿನ ಪ್ರಯಾಣವನ್ನು ನೋಡಿರಿ. 1985ರಲ್ಲಿ ಸಿಗರೇಟು ಮಾಡುವ ಫಿಲಿಪ್ ಮಾರಿಸ್ ಕಂಪೆನಿಯು ಜನರಲ್ ಫುಡ್ಸನ್ನೇ ನುಂಗಿತು. ಅವರೇ 1988ರಲ್ಲಿ ಕ್ರಾಫ್ಟ್ ಎಂಬ ಗಿಣ್ಣಿನ ಕಂಪೆನಿಯನ್ನೂ ಕೊಂಡು ಮರುವರ್ಷ ಎರಡನ್ನೂ ಬೆಸೆದರು. 2007ರಲ್ಲಿ ಕ್ರಾಫ್ಟ್ ಬೇರೆಯಾಯಿತು. 2012ರಲ್ಲಿ ಅದೇ ಎರಡಾಗಿ ಸೀಳಿತು. 2015ರಲ್ಲಿ ಹೈನ್ಜ್ ಕಂಪೆನಿಯೊಡನೆ ಕೂಡಿ ಕ್ರಾಫ್ಟ್ ಹೈನ್ಜ್ ಆಯಿತು. ಈ ಕೂಡಿಕೆಯ ಹಿಂದೆ ಬ್ರೆಜಿಲ್ ಮೂಲದ ಬಂಡವಾಳಗಾರರ 3ಜಿ ಕ್ಯಾಪಿಟಲ್ ಎಂಬ ಸಂಸ್ಥೆಯಿದ್ದಿತು. ಹಿಂದಿನ ವರ್ಷದ ಖರ್ಚನ್ನು ಆಧಾರವಾಗಿಟ್ಟುಕೊಳ್ಳದೆ ಪ್ರತಿ ವರ್ಷವೂ ಪ್ರತಿಯೊಂದು ಖರ್ಚಿಗೂ ಸೊನ್ನೆಯಿಂದಲೇ ಸಮರ್ಥನೆ ಕೇಳುವುದು ಅವರ ಆಡಳಿತದ ಮಂತ್ರ.

ಕೂಡಿಕೆಯಾಗಿ ನಾಲ್ಕು ತಿಂಗಳಾಗಿರಬಹುದು. 2015ರ ನವೆಂಬರಿನಲ್ಲಿ, ಉತ್ತರ ಅಮೇರಿಕೆಯಲ್ಲಿ ಏಳು ಕಾರ್ಖಾನೆಗಳನ್ನು ಮುಚ್ಚಲಾಗುವುದೆಂದೂ ಸುಮಾರು 2,600 ಮಂದಿಯ ಕೆಲಸ ಹೋಗುವುದೆಂದೂ ಪ್ರಕಟಣೆ ಹೊರಟಿತು. ಆ ಪಟ್ಟಿಯಲ್ಲಿ ಮ್ಯಾಡಿಸನ್ ಕಾರ್ಖಾನೆಯೂ ಇದ್ದಿತು. ಕಛೇರಿಯು ಷಿಕಾಗೋ ಪ್ರಾಂತಕ್ಕೂ, ತಯಾರಿಕೆಯು ಬೇರೆ ಊರುಗಳ ಕಾರ್ಖಾನೆಗಳಿಗೂ ವರ್ಗವಾದವು. 2017ರಲ್ಲಿ ಬಾಗಿಲು ಮುಚ್ಚಿತು. 1919ರಿಂದ ಲೆಕ್ಕ ಹಾಕಿದರೆ ಶತಮಾನಕ್ಕೆ ಎರಡೇ ವರ್ಷ ಕಡಿಮೆ.

ಕಂಪೆನಿಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು. ಕಾರ್ಖಾನೆಯು ಹಳೆಯದು, ಹೊಸ ಯಂತ್ರಗಳಿಗೆ ಹೊಸ ಕಟ್ಟಡಗಳು ಅನುಕೂಲ. ನಾಲ್ಕು ಸಾವಿರವಿದ್ದ ಕೆಲಸಗಾರರ ಸಂಖ್ಯೆಯು ಮುಚ್ಚುವ ನಿರ್ಧಾರದ ವೇಳೆಗೆ ಕಛೇರಿಯವರೂ ಸೇರಿ ಸುಮಾರು ಸಾವಿರಕ್ಕೆ ಇಳಿದಿದ್ದಿತು. ಕ್ಷಯವು ಒಂದು ದಿನದಲ್ಲಿ ಬಂದದ್ದಲ್ಲ. ಜನರ ಆಹಾರದ ಅಭಿರುಚಿಯೂ ಬದಲಾಗುತ್ತಿದ್ದಿತು. ಕಾಯಿದೆಯನ್ನೂ ಅವರು ಮೀರಲಿಲ್ಲ. ನೂರಕ್ಕೆ ಮೇಲ್ಪಟ್ಟ ಕೆಲಸಗಾರರಿರುವ ಯಜಮಾನನು ಕಾರ್ಖಾನೆ ಮುಚ್ಚುವ ಅರವತ್ತು ದಿನ ಮುಂಚಿತವಾಗಿ ತಿಳಿಸತಕ್ಕದ್ದೆಂದು ಅಮೇರಿಕಾದ 1988ರ ಶಾಸನವು ಹೇಳುತ್ತದೆ. ಇವರು ಅದಕ್ಕೂ ಎಷ್ಟೋ ಮುಂಚಿತವಾಗಿಯೇ ತಿಳಿಸಿದರು. ಶಾಸನವು ಕೇಳುವುದು ಸೂಚನೆಯನ್ನು ಮಾತ್ರ. ಊರಿಗೆ ಉತ್ತರ ಹೇಳೆಂದು ಯಾವ ಶಾಸನವೂ ಕೇಳುವುದಿಲ್ಲ.

1888 ಮತ್ತು 2017

ಈಗ ವಾಚಕರು 1888ರ ಆ ಬಾಡಿಗೆಯ ಅಂಗಡಿಯನ್ನು ಮತ್ತೆ ನೆನಪಿಗೆ ತಂದುಕೊಳ್ಳಬೇಕು. ಆಗ ಗೋಡೆಯ ಒಡೆಯರು ಮನುಷ್ಯರನ್ನು ಹೊರಗೆ ಹಾಕಿದರು, ನಂಬಿಕೆಯು ಮನುಷ್ಯರ ಹಿಂದೆ ಹೋಯಿತು, ಗೋಡೆಗಳು ಬರಿದಾದವು. 2017ರಲ್ಲಿ ಹೆಸರಿನ ಒಡೆಯರು ಗೋಡೆಗಳನ್ನೂ ಮನುಷ್ಯರನ್ನೂ ಬಿಟ್ಟು ಹೊರಟರು. ನಂಬಿಕೆಯು ಹೆಸರಿನ ಹಿಂದೆ ಹೋಯಿತು. ಸಾಸೇಜನ್ನು ಕೊಳ್ಳುವ ಗೃಹಿಣಿಯು ಅಂದೂ ಅದೇ ಹಳದಿ ಬಣ್ಣವನ್ನು ನೋಡಿ ಕೊಂಡಳು, ಮರುದಿನವೂ ಕೊಂಡಳು. ಮೂವತ್ತು ವರ್ಷ ಮಾಂಸವನ್ನು ಹದ ಮಾಡಿ ಆ ಹೆಸರಿನ ರುಚಿಯನ್ನು ಕಾಪಾಡಿದ ಕೆಲಸಗಾರನು ಎರಡು ಬೀದಿಗಳಾಚೆ ಹೋಗಿ ಅಂಗಡಿ ತೆರೆಯುವಂತಿಲ್ಲ. ತೆರೆದರೂ ಯಾರೂ ಅವನ ಹಿಂದೆ ಬರುವುದಿಲ್ಲ. ಏಕೆಂದರೆ ಅವನ ಹೆಸರನ್ನು ಯಾರೂ ಕೇಳಿಲ್ಲ. ಅವನ ಕೈಯ ಹದವೆಲ್ಲ ಇನ್ನೊಬ್ಬರ ಹೆಸರಿನಲ್ಲಿ ಜಮೆಯಾಗಿಹೋಗಿದೆ.

ಇದರಲ್ಲಿ ತಪ್ಪು ಯಾರದು? ಕೊಂಡುಕೊಂಡವರನ್ನು ಮಾತ್ರ ದೂರಿದರೆ ವಿಚಾರವು ಮುಗಿಯುವುದಿಲ್ಲ. ಹೆಸರನ್ನು ಮೊದಲು ಮಾರಿದ್ದು ಆ ಹೆಸರಿನ ವಂಶವೇ. ಅದಕ್ಕೂ ಮುಂಚೆ, ಮುಖವನ್ನು ಬಿಟ್ಟು ಪೊಟ್ಟಣವನ್ನು ನಂಬುವಂತೆ ಜನರಿಗೆ ಕಲಿಸಿದ್ದೂ ಅವರೇ. ಹಾಗೆಂದು ವಂಶದವರನ್ನು ಶಪಿಸುವುದೂ ಸರಿಯಲ್ಲ. ಅಜ್ಜನು ನೆಟ್ಟ ಮರಕ್ಕೆ ಮರಿಮಕ್ಕಳೆಲ್ಲ ತಮ್ಮನ್ನು ಕಟ್ಟಿಕೊಂಡಿರಬೇಕೆಂದು ಯಾರು ತಾನೆ ವಿಧಿಸಬಲ್ಲರು? ತಪ್ಪು ಇರುವುದು ಲೆಕ್ಕದ ಪುಸ್ತಕದಲ್ಲಿ. ವ್ಯಾಪಾರವನ್ನು ಮಾರುವಾಗ ಯಂತ್ರಕ್ಕೆ ಬೆಲೆ ಕಟ್ಟುತ್ತಾರೆ, ನೆಲಕ್ಕೆ ಬೆಲೆ ಕಟ್ಟುತ್ತಾರೆ, ಹೆಸರಿಗೂ ಬೆಲೆ ಕಟ್ಟುತ್ತಾರೆ. ಆ ಹೆಸರನ್ನು ಬೆಳೆಸಿದ ಊರಿಗೂ ಕೈಗಳಿಗೂ ಸಲ್ಲಬೇಕಾದ ಋಣವನ್ನು ಬರೆಯಲು ಮಾತ್ರ ಪುಸ್ತಕದಲ್ಲಿ ಕಲಮೇ ಇಲ್ಲ. ಹೆಸರಿನ ಆಸ್ತಿಯು ಕೈಬದಲಾಯಿಸುತ್ತದೆ. ಹೆಸರಿನ ಋಣವು ಹಿಂದೆಯೇ ಉಳಿಯುತ್ತದೆ.

ಪತ್ರಿಕೆಯ ಮೇಲೆ ಮುದ್ರಕನ, ಪ್ರಕಾಶಕನ, ಸಂಪಾದಕನ ಹೆಸರನ್ನು ಅಚ್ಚಿಸತಕ್ಕದ್ದೆಂಬ ನಿಯಮವು ನಮ್ಮ ದೇಶದಲ್ಲಿ ಬಹುಕಾಲದಿಂದ ಇದೆ. ಅದು ಅಲಂಕಾರಕ್ಕಲ್ಲ, ಬರೆದದ್ದಕ್ಕೆ ಹೊಣೆಗಾರನು ಯಾರೆಂದು ತಿಳಿಯುವುದಕ್ಕೆ. ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ಇರುವುದು ಮಾತ್ರ ಬಹುಕಾಲದ ಹಿಂದೆ ತೀರಿಹೋದ ಒಬ್ಬ ಕಟುಕನ ಹೆಸರು. ಅವನನ್ನು ಕೇಳುವಂತಿಲ್ಲ, ಕೇಳತಕ್ಕವರ ಹೆಸರು ಮೂಲೆಯ ಸಣ್ಣ ಅಕ್ಷರಗಳಲ್ಲಿ. ನಮ್ಮ ಊರುಗಳಲ್ಲಿಯೂ ತಾತನ ಹೆಸರಿನ ಅಂಗಡಿಗಳು, ಎಣ್ಣೆಯ ಗಾಣಗಳು, ಪುಡಿ ಉಪ್ಪಿನಕಾಯಿಯ ಕೈಗಾರಿಕೆಗಳು ದೊಡ್ಡವರ ಕೈಗೆ ಹೋಗುವ ಕಾಲವಿದು. ಹೋಗಬಾರದೆಂದು ನಾವು ಹೇಳುವುದಿಲ್ಲ, ಬಂಡವಾಳವಿಲ್ಲದೆ ಕೈಗಾರಿಕೆಯಿಲ್ಲ. ಆದರೆ ಮಾರುವವರು ಪತ್ರಕ್ಕೆ ರುಜು ಹಾಕುವ ಮುನ್ನ ಒಂದು ಷರತ್ತನ್ನು ಬರೆಯಿಸಲಿ: ಹೆಸರು ಊರನ್ನು ಬಿಡುವುದಾದರೆ, ಊರಿನ ಕೆಲಸಗಾರರಿಗೆ ಏನು ಸಲ್ಲಬೇಕು, ಎಷ್ಟು ಸಲ್ಲಬೇಕು, ಎಂದು ಸಲ್ಲಬೇಕು. ಪುರಸಭೆಗಳೂ ಸರ್ಕಾರವೂ ನೆಲ, ನೀರು, ತೆರಿಗೆಯ ರಿಯಾಯಿತಿಗಳನ್ನು ಕೊಡುವಾಗ ಇದೇ ಷರತ್ತನ್ನು ಕೇಳಲಿ. ಮದುವೆಯ ದಿನ ಕೇಳದ ಮಾತು ಮನೆ ಬಿಡುವ ದಿನ ನಡೆಯುವುದಿಲ್ಲ.

ಧರ್ಮವ್ಯಾಧನು ಕೌಶಿಕನಿಗೆ ಧರ್ಮವನ್ನು ವಿವರಿಸಿ, ಬಳಿಕ ಅವನನ್ನು ಮನೆಯೊಳಗೆ ಕರೆದುಕೊಂಡು ಹೋಗಿ ವೃದ್ಧರಾದ ತಂದೆತಾಯಿಗಳನ್ನು ತೋರಿಸುತ್ತಾನೆ. ಇವರೇ ನನ್ನ ದೇವರು, ಇವರ ಸೇವೆಯೇ ನನ್ನ ತಪಸ್ಸು ಎನ್ನುತ್ತಾನೆ. ಅಂಗಡಿಯ ಹಿಂದೆ ಮನೆಯಿತ್ತು. ವ್ಯಾಪಾರದ ಹಿಂದೆ ತೀರಿಸಬೇಕಾದ ಋಣವಿತ್ತು. ಸೆಜ್‌ವಿಕ್ ರಸ್ತೆಯ ಎರಡಂತಸ್ತಿನ ಕಟ್ಟಡದಲ್ಲಿಯೂ ಕೆಳಗೆ ಅಂಗಡಿ, ಮೇಲೆ ಮನೆ ಇದ್ದವು. ಅಂಗಡಿಯೂ ಮನೆಯೂ ಒಂದೇ ಛಾವಣಿಯ ಕೆಳಗಿರುವಷ್ಟು ಕಾಲ ಹೆಸರಿಗೆ ಹೊಣೆಗಾರನು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಅವೆರಡೂ ಬೇರೆಯಾದ ಮೇಲೆ ಕೇಳಲೇಬೇಕು. ಕೇಳುವವರು ನಾವೇ ಆಗಬೇಕು.